ಧ್ವನಿಗೂ ಒಂದು ಮಸೂರ

ಕಳೆದ ವೈಶಾಖದಲ್ಲಿ ಹತ್ತಿರದ ಬಂಧುಗಳ ಮನೆಯ ಮದುವೆಗೆಂದು ಹೋಗಿದ್ದೆ. ಊಟದ ಪಂಕ್ತಿಗಳು ಒಂದಾದ ಮೇಲೊಂದು ಏಳುತ್ತಿದ್ದವು. ನಮ್ಮ ದೊಡ್ಡಪ್ಪನವರು ಮಾತ್ರ ಕಂಬಕ್ಕೊರಗಿ ಕುಳಿತಲ್ಲಿಂದ ಕದಲಲಿಲ್ಲ. ಕರೆಯಲು ಹೋದವರಿಗೆಲ್ಲ "ನಂದು ಆಮ್ಯಾಲ ಆಗತದ, ನೀವು ಮುಗಿಸ್ರಿ" ಎನ್ನುತ್ತ ಎರಡೂ ಕೈಗಳನ್ನು ಶಲ್ಯದೊಳಗೆ ಸೇರಿಸಿಕೊಂಡಿದ್ದರು. ಕಡೆಗೆ ಚಪ್ಪರ ಬರಿದಾದ ಮೇಲೆ ದೊಡ್ಡವ್ವ ತಾಟಿನಲ್ಲಿ ಹುಗ್ಗಿ, ಅನ್ನ, ಸಾರು ಬಡಿಸಿಕೊಂಡು ಒಳಕೋಣೆಗೆ ಹೋದರು. ನೀರಿನ ತಂಬಿಗೆ ಕೊಡಲೆಂದು ನಾನು ಬಾಗಿಲಲ್ಲಿ ನಿಂತೆ. ತೊಡೆಯ ಮೇಲಿರುವವರೆಗೆ ಸುಮ್ಮನಿದ್ದ ಕೈ, ತುತ್ತನ್ನು ಹಿಡಿದು ಬಾಯಿಯ ಕಡೆಗೆ ಏಳುತ್ತಲೇ ಗಾಳಿಗೆ ಸಿಕ್ಕ ಅರಳೆಲೆಯಂತೆ ನಡುಗತೊಡಗುತ್ತಿತ್ತು. ಅರ್ಧ ತುತ್ತು ಬಾಯಿಗೆ, ಅರ್ಧ ಮಡಿಲಿಗೆ. ದೊಡ್ಡವ್ವ ಏನೂ ಮಾತನಾಡದೆ ವಸ್ತ್ರದಿಂದ ಒರೆಸುತ್ತಿದ್ದರು.

ದೊಡ್ಡಪ್ಪನವರು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅವರು ಕಪ್ಪುಹಲಗೆಯ ಮೇಲೆ ಬರೆದ ಅಕ್ಷರಗಳನ್ನು ನೋಡಲೆಂದೇ ಪಕ್ಕದ ವರ್ಗದ ಹುಡುಗರು ಬಾಗಿಲಲ್ಲಿ ಇಣುಕುತ್ತಿದ್ದರು. ಇಂದು ಬ್ಯಾಂಕಿನಲ್ಲಿ ಅವರ ಸಹಿಯೇ ಹೊಂದುವುದಿಲ್ಲ. ಇದಕ್ಕಿಂತಲೂ ಅವರನ್ನು ಹೆಚ್ಚಾಗಿ ನೋಯಿಸಿದ ಸಂಗತಿ ಬೇರೊಂದಿದೆ. ಅದೇ ಮದುವೆಯಲ್ಲಿ ಯಾರೋ ಇಬ್ಬರು, "ಮಾಸ್ತರರಿಗೆ ಈಗೀಗ ಕುಡಿತದ ಚಟ ಹತ್ತಿರಬೇಕು" ಎಂದು ಪಿಸುಗುಟ್ಟಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಜೀವಮಾನದಲ್ಲಿ ಒಂದು ಹನಿಯನ್ನೂ ಮುಟ್ಟದವರಿಗೆ ಈ ಮಾತು!

ಇದು ಚಟವೂ ಅಲ್ಲ, ಬರಿಯ ಮುಪ್ಪಿನ ಲಕ್ಷಣವೂ ಅಲ್ಲ. ವೈದ್ಯರು ಇದನ್ನು ಎಸೆನ್ಶಿಯಲ್ ಟ್ರೆಮರ್ ಎಂದು ಕರೆಯುತ್ತಾರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ಬಹುಮಟ್ಟಿಗೆ ವಿಶ್ರಾಂತಿಯಲ್ಲಿರುವಾಗ ನಡುಗುತ್ತದೆ. ಇದರಲ್ಲಿ ಕೈ ಕೆಲಸಕ್ಕೆ ತೊಡಗಿದಾಗ ನಡುಗುತ್ತದೆ. ಎಷ್ಟೋ ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಪ್ರೊಪ್ರನೊಲೊಲ್, ಪ್ರಿಮಿಡೋನ್ ಎಂಬ ಮಾತ್ರೆಗಳಿಂದ ಹಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ. ದೊಡ್ಡಪ್ಪನವರು ಎರಡನೆಯ ಗುಂಪಿಗೆ ಸೇರಿದವರು.

ಮದುವೆಯಿಂದ ಮರಳುವಾಗ ಅವರು ಜೇಬಿನಿಂದ ಮಡಿಸಿದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಕೈಗಿತ್ತರು. ಕತ್ತಿಯಿಲ್ಲದೆ, ತಲೆಬುರುಡೆಯನ್ನು ತೆರೆಯದೆ, ಬರಿಯ ಧ್ವನಿಯಿಂದ ಮೆದುಳಿನ ಶಸ್ತ್ರಚಿಕಿತ್ಸೆ ಎಂದು ಅದರಲ್ಲಿ ಅಚ್ಚಾಗಿತ್ತು. "ತಮ್ಮಾ, ಇದು ಖರೇನೋ, ಜಾಹೀರಾತೋ? ಖರೇ ಇದ್ರ ಹ್ಯಾಂಗ ಅಂತ ತಿಳಿಸಿ ಹೇಳು. ಸುಮ್ಮನ ಹೂಂ ಅನಬ್ಯಾಡ" ಎಂದರು. ಈ ತಿಂಗಳ ಅಂಕಣ ಅವರಿಗೆ ಕೊಡಬೇಕಾದ ಉತ್ತರವೇ ಆಗಿದೆ. ಇಂಥ ಕೈಗಳು ಓದುಗರ ಮನೆಗಳಲ್ಲಿಯೂ ಇರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಇದರ ವಿಲೋಮವೂ ನಿಜ. ವಿದ್ಯುತ್ತನ್ನು ಕೊಟ್ಟರೆ ಹರಳು ಕಂಪಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಎಂಬ ವಿಜ್ಞಾನಿ ಜಲಾಂತರ್ಗಾಮಿ ಹಡಗುಗಳನ್ನು ಪತ್ತೆ ಮಾಡಲು ಇಂಥ ಹರಳುಗಳಿಂದ ನೀರಿನಲ್ಲಿ ಪ್ರಬಲವಾದ ಶ್ರವಣಾತೀತ ಅಲೆಗಳನ್ನು ಹೊರಡಿಸಿದನು. ಆ ಅಲೆಗಳ ದಾರಿಗೆ ಬಂದ ಮೀನುಗಳು ಸತ್ತು ತೇಲಿದವು. ಅದರಲ್ಲಿ ಕೈಯಿಟ್ಟರೆ ನೋವಾಗುತ್ತಿತ್ತು. ಧ್ವನಿಯಿಂದ ನೋಡುವುದಷ್ಟೇ ಅಲ್ಲ, ಮಾಡುವುದೂ ಸಾಧ್ಯವೆಂಬ ಸೂಚನೆ ಅಂದೇ ದೊರೆತಿತ್ತು.

ಗರ್ಭಿಣಿಯರ ಪರೀಕ್ಷೆಗೆ ಬಳಸುವ ಸ್ಕ್ಯಾನಿಂಗ್ ಯಂತ್ರವನ್ನು ತಾಯಂದಿರೆಲ್ಲ ಕಂಡಿದ್ದೀರಿ. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆಯನ್ನು ಹಚ್ಚುವುದೇಕೆ ಎಂದು ಒಬ್ಬ ಸೋದರಿ ಹಿಂದೊಮ್ಮೆ ಕೇಳಿದ್ದರು. ಚರ್ಮಕ್ಕೂ ಯಂತ್ರದ ಹಿಡಿಕೆಗೂ ನಡುವೆ ತೆಳ್ಳನೆಯ ಗಾಳಿಯ ಪದರ ಉಳಿದರೂ ಅಲೆಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಹಿಂದಿರುಗುತ್ತವೆ. ಆ ಗಾಳಿಯನ್ನು ಹೊರದೂಡಲು ಲೋಳೆ ಬೇಕು. ಆ ಹಿಡಿಕೆಯ ತುದಿಯಲ್ಲಿ ಬೂದು ಬಣ್ಣದ ಮೆತ್ತನೆಯ ರಬ್ಬರಿನ ಉಬ್ಬು ಇರುತ್ತದಲ್ಲ, ಅದು ಮೈಗೆ ಒತ್ತದಿರಲೆಂದು ಇಟ್ಟ ಮೆತ್ತೆಯಷ್ಟೇ ಅಲ್ಲ. ಅದು ಧ್ವನಿಯನ್ನು ಕೂಡಿಸುವ ಮಸೂರ!

ಮಸೂರವೆಂದರೆ ನಮಗೆ ನೆನಪಾಗುವುದು ಬೆಳಕಿನ ಮಸೂರ. ಬಾಲ್ಯದಲ್ಲಿ ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ ಕಾಗದವನ್ನು ಸುಡದವರು ಯಾರಿದ್ದಾರೆ? ನಡುವೆ ಉಬ್ಬಿದ ಪೀನ ಮಸೂರ ಬೆಳಕನ್ನು ಕೂಡಿಸುತ್ತದೆ, ನಡುವೆ ತಗ್ಗಿದ ನಿಮ್ನ ಮಸೂರ ಬೆಳಕನ್ನು ಚದುರಿಸುತ್ತದೆ ಎಂಬುದು ಶಾಲೆಯ ಪಾಠ. ಬೆಳಕು ಗಾಜಿನೊಳಗೆ ನಿಧಾನವಾಗಿ ಚಲಿಸುವುದೇ ಇದಕ್ಕೆ ಕಾರಣ. ಧ್ವನಿಗೂ ಇದೇ ನ್ಯಾಯ. 1852ರಲ್ಲಿ ಕಾರ್ಲ್ ಸೋಂಡ್ಹಾಸ್ ಎಂಬ ಜರ್ಮನ್ ವಿಜ್ಞಾನಿ ತೆಳ್ಳನೆಯ ಕೊಲೋಡಿಯನ್ ಪೊರೆಯ ಚೀಲದಲ್ಲಿ ಇಂಗಾಲದ ಡೈಆಕ್ಸೈಡನ್ನು ತುಂಬಿ ಉಬ್ಬಿದ ಮಸೂರವನ್ನು ಮಾಡಿದನು. ಆ ಅನಿಲದಲ್ಲಿ ಧ್ವನಿ ಗಾಳಿಯಲ್ಲಿರುವುದಕ್ಕಿಂತ ನಿಧಾನ. ಆದ್ದರಿಂದ ಬೆಳಕಿನಂತೆಯೇ ಧ್ವನಿಯೂ ಆಚೆಗೆ ಒಂದು ಬಿಂದುವಿನಲ್ಲಿ ಕೂಡಿತು.

ಆದರೆ ನೀರಿನಲ್ಲಿ ಪ್ಲಾಸ್ಟಿಕ್ಕಿನ ಮಸೂರವನ್ನಿಟ್ಟರೆ ಪಾಠ ತಲೆಕೆಳಗಾಗುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಅಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲಿ ಅದು 2,700ರ ಆಸುಪಾಸು. ಎಂದರೆ ಮಸೂರದೊಳಗೆ ಧ್ವನಿ ನಿಧಾನಿಸುವುದಿಲ್ಲ, ಓಡುತ್ತದೆ. ಹೊಲದಲ್ಲಿ ಒಂದೇ ಸಾಲಾಗಿ ಕಳೆ ಕೀಳುತ್ತ ಹೊರಟ ಹೆಣ್ಣುಮಕ್ಕಳನ್ನು ಊಹಿಸಿಕೊಳ್ಳಿರಿ. ಅಂಚಿನವರು ಬೇಗ ಬೇಗ ಮುಂದಾಗಿ ನಡುವಿನವರು ಹಿಂದುಳಿದರೆ ಸಾಲು ಕುಡುಗೋಲಿನಂತೆ ಬಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಮುಂದಕ್ಕೇ ನೇರವಾಗಿ ಹೋಗುತ್ತಿದ್ದರೆ, ಬಾಗಿದ ಆ ಸಾಲು ಕಡೆಗೆ ಒಂದೇ ಕಡೆ ಬಂದು ಸೇರುತ್ತದೆ. ಹಾಗೆ ಅಂಚನ್ನು ಮುಂದೋಡಿಸಬೇಕಾದರೆ ಪ್ಲಾಸ್ಟಿಕ್ಕು ಅಂಚಿನಲ್ಲಿ ದಪ್ಪವಾಗಿ ನಡುವೆ ತೆಳುವಾಗಿರಬೇಕು. ನೀರಿನಲ್ಲಿ ಧ್ವನಿಯನ್ನು ಕೂಡಿಸುವ ಪ್ಲಾಸ್ಟಿಕ್ ಮಸೂರ, ಹೀಗೆ, ನಿಮ್ನ ಮಸೂರ. ಸ್ಕ್ಯಾನಿಂಗಿನ ಹಿಡಿಕೆಯಲ್ಲಿರುವ ಸಿಲಿಕೋನ್ ರಬ್ಬರಿನಲ್ಲಾದರೋ ಧ್ವನಿ ಮೈಯ ಮಾಂಸದಲ್ಲಿರುವುದಕ್ಕಿಂತ ನಿಧಾನ. ಆದ್ದರಿಂದ ಅದು ಉಬ್ಬಿರುತ್ತದೆ.

ಧ್ವನಿಯನ್ನು ಬೇಕಾದೆಡೆಗೆ ಒಯ್ಯುವ ವಿದ್ಯೆಯಲ್ಲಿ ನಮ್ಮ ನಾಡಿಗೂ ಪಾಲಿದೆ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಗೆ ನಿಂತು ಮೆಲ್ಲನೆ ಆಡಿದ ಮಾತು ಎದುರು ಬದಿಯವರ ಕಿವಿಗೆ ಬೀಳುವುದನ್ನು ಪ್ರವಾಸ ಹೋದವರೆಲ್ಲ ಬಲ್ಲರು. ಅಲ್ಲಿ ಮಸೂರವಿಲ್ಲ, ಧ್ವನಿಯನ್ನು ಒಯ್ಯುವುದು ಗೋಡೆಯ ಬಾಗು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಮೊಗಸಾಲೆಯನ್ನು 1921ರಲ್ಲಿ ಪರೀಕ್ಷಿಸಿದವರಲ್ಲಿ ಸರ್ ಸಿ. ವಿ. ರಾಮನ್ ಒಬ್ಬರು. ಅವರೇ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, ತಮ್ಮ ಶಿಷ್ಯ ನಾಗೇಂದ್ರನಾಥರೊಡನೆ ಶ್ರವಣಾತೀತ ಅಲೆಗಳ ಮೂಲಕ ಹಾದ ಬೆಳಕು ಹೇಗೆ ಚದುರುತ್ತದೆಂಬುದನ್ನು 1935–36ರಲ್ಲಿ ಸರಣಿ ಲೇಖನಗಳಲ್ಲಿ ವಿವರಿಸಿದರು. ದ್ರವದಲ್ಲಿ ಹರಿಯುವ ಧ್ವನಿ ಅದನ್ನು ಅಲ್ಲಲ್ಲಿ ಒತ್ತಿ ಅಲ್ಲಲ್ಲಿ ಸಡಿಲಿಸುತ್ತದೆ. ಬೆಳಕಿಗೆ ಆ ದ್ರವವೇ ಗೆರೆಗೆರೆಯ ಜಾಲರಿಯಂತೆ ಕಾಣುತ್ತದೆ. ಕಣ್ಣಿಗೆ ಕಾಣದ ಧ್ವನಿಯನ್ನು ಬೆಳಕಿನಿಂದ ಕಾಣುವ ಬಗೆ ಇದು. ರಾಮನ್–ನಾಥ್ ಸಿದ್ಧಾಂತವೆಂದು ಇಂದಿಗೂ ಜಗತ್ತಿನ ಪಠ್ಯಗಳಲ್ಲಿ ಅದಕ್ಕೆ ಹೆಸರು. ಬೆಂಗಳೂರಿನಲ್ಲಿ ಹುಟ್ಟಿದ ಈ ಸಿದ್ಧಾಂತವನ್ನು ನಮ್ಮ ಮಕ್ಕಳಿಗೆ ನಾವೇಕೆ ಹೇಳುವುದಿಲ್ಲವೋ ತಿಳಿಯದು.

ಮಸೂರದ ಆಕಾರದಲ್ಲಿ ತುಸು ವ್ಯತ್ಯಾಸವಾದರೆ ರೋಗಿಗೆ ಏನಾಗುತ್ತದೆಂಬುದಕ್ಕೆ ಮೂತ್ರಪಿಂಡದ ಕಲ್ಲಿನ ಕಥೆಯನ್ನು ಕೇಳಬೇಕು. ಮೈಯನ್ನು ಕೊಯ್ಯದೆ ಹೊರಗಿನಿಂದಲೇ ಆಘಾತದ ಅಲೆಗಳನ್ನು ಕಳಿಸಿ ಕಲ್ಲನ್ನು ಪುಡಿ ಮಾಡುವ ಚಿಕಿತ್ಸೆ 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ರೋಗಿಗೆ ನಡೆಯಿತು. ಶಾಸ್ತ್ರೀಯವಾಗಿ ನೋಡಿದರೆ ಇವು ಸ್ಕ್ಯಾನಿಂಗಿನ ಅಲೆಗಳಂಥವಲ್ಲ, ಒಂದೊಂದೂ ಒಂದು ಪೆಟ್ಟು. ಆದರೆ ಕೂಡಿಸುವ ತತ್ವ ಒಂದೇ. ಮೊದಲಿನ ಯಂತ್ರಗಳಲ್ಲಿ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಲೋಹದ ಬೋಗುಣಿಯಾಕಾರದ ಪ್ರತಿಫಲಕದಿಂದ ಪೆಟ್ಟುಗಳನ್ನು ಕಲ್ಲಿನ ಮೇಲೆ ಕೂಡಿಸುತ್ತಿದ್ದರು. ಬಳಿಕ ತೊಟ್ಟಿಯಿಲ್ಲದ, ಚಿಕ್ಕದಾದ, ವಿದ್ಯುತ್ಕಾಂತದಿಂದ ನಡೆಯುವ ಯಂತ್ರಗಳು ಬಂದವು. ಇವುಗಳಲ್ಲಿ ಹಲವು ಪ್ರತಿಫಲಕದ ಬದಲು ಮಸೂರವನ್ನು ಬಳಸಿದವು. ನಾಭಿ ಹಿಂದಿಗಿಂತ ಕಿರಿದಾಯಿತು, ಪೆಟ್ಟು ಹಿಂದಿಗಿಂತ ಹರಿತವಾಯಿತು. ಕಲ್ಲು ಇನ್ನೂ ಚೆನ್ನಾಗಿ ಒಡೆಯಬೇಕಲ್ಲವೆ? ಹಾಗಾಗಲಿಲ್ಲ. ಹಳೆಯ ತೊಟ್ಟಿಯ ಯಂತ್ರವೇ ಮೇಲೆಂದು ವೈದ್ಯರು ಹೇಳತೊಡಗಿದರು.

ಕಾರಣವನ್ನು ಹುಡುಕಿದರೆ ಅದು ರೋಗಿಯ ಉಸಿರಿನಲ್ಲಿತ್ತು. ಉಸಿರೆಳೆದಾಗ ಮೂತ್ರಪಿಂಡ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಅದರೊಡನೆ ಕಲ್ಲೂ ತೂಗಾಡುತ್ತದೆ. ಸೂಜಿಯ ಮೊನೆಯಂಥ ನಾಭಿ ಎಷ್ಟೋ ಸಲ ಕಲ್ಲನ್ನು ತಪ್ಪಿಸಿ ಪಕ್ಕದ ಮಾಂಸಕ್ಕೆ ಬೀಳುತ್ತಿತ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪೇ ಝಾಂಗ್ ಮತ್ತು ಸಂಗಡಿಗರು ಇದಕ್ಕೆ ಮಾಡಿದ ಉಪಾಯವನ್ನು 2014ರಲ್ಲಿ ಪ್ರಕಟಿಸಿದರು. ಹೊಸ ಯಂತ್ರವನ್ನು ಕಟ್ಟುವ ಗೋಜಿಗೆ ಅವರು ಹೋಗಲಿಲ್ಲ. ಇದ್ದ ಮಸೂರದ ಹಿಂಬದಿಯಲ್ಲಿ, ಅಂಚಿಗೆ ಸಮೀಪವಾಗಿ ಬಳೆಯಂತೆ ಒಂದು ಕಾಲುವೆ ಕೊರೆದರು, ಅಷ್ಟೇ. ಆ ಭಾಗದಲ್ಲಿ ಹಾದ ಅಲೆ ತುಸು ಬೇರೆ ಹೊತ್ತಿಗೆ ತಲುಪುತ್ತದೆ; ನಾಭಿ ಅಗಲವಾಗುತ್ತದೆ; ತೂಗಾಡುವ ಕಲ್ಲಿಗೂ ಪೆಟ್ಟು ಸಿಗುತ್ತದೆ. ಪ್ರಯೋಗಶಾಲೆಯಲ್ಲಿಯೂ ಹಂದಿಗಳಲ್ಲಿಯೂ ಕಲ್ಲು ಹಿಂದಿಗಿಂತ ಚೆನ್ನಾಗಿ ಒಡೆಯಿತು. ಒಂದು ಕಾಲುವೆಯಿಂದ ಇಷ್ಟಾಯಿತೆಂಬುದನ್ನು ಓದಿದಾಗ ನನಗೆ ನಮ್ಮೂರ ಕಮ್ಮಾರ ನೇಗಿಲಿನ ಕುಳವನ್ನು ಅರ್ಧ ಬೆರಳು ಬಾಗಿಸಿ ಉಳುಮೆಯನ್ನೇ ಸರಿಪಡಿಸುತ್ತಿದ್ದುದು ನೆನಪಾಯಿತು.

ಇನ್ನು ದೊಡ್ಡಪ್ಪನವರ ಪ್ರಶ್ನೆಗೆ ಬರೋಣ. ಭೂತಗನ್ನಡಿ ಬಿಸಿಲನ್ನು ಕೂಡಿಸಿದಂತೆ ಧ್ವನಿಯನ್ನು ಮೆದುಳಿನ ಒಳಗೆ ಒಂದು ಚುಕ್ಕೆಯಲ್ಲಿ ಕೂಡಿಸಿದರೆ ಆ ಚುಕ್ಕೆ ಮಾತ್ರ ಕಾಯುತ್ತದೆ, ದಾರಿಯಲ್ಲಿರುವ ಭಾಗಕ್ಕೆ ಹಾನಿಯಾಗುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫ್ರೈ, ಫ್ರಾನ್ಸಿಸ್ ಫ್ರೈ ಎಂಬ ಸಹೋದರರು 1950ರ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. ಆ ದಶಕದ ಕೊನೆಗೆ ನಡುಗುವ ರೋಗಿಗಳ ಮೇಲೂ ಪ್ರಯೋಗಗಳಾದವು. ಆದರೆ ಅವರು ತಲೆಬುರುಡೆಯ ಒಂದು ಭಾಗವನ್ನು ತೆಗೆದು ಕಿಂಡಿ ಮಾಡಬೇಕಾಗುತ್ತಿತ್ತು. ಕತ್ತಿಯಿಲ್ಲದ ಚಿಕಿತ್ಸೆಗೆ ಕತ್ತಿಯೇ ಬಾಗಿಲು ತೆರೆಯಬೇಕಾದ ವಿಪರ್ಯಾಸ!

ಬುರುಡೆ ಏಕೆ ಅಷ್ಟು ಕಷ್ಟ ಕೊಡುತ್ತದೆ? ಒಂದು, ಮೂಳೆ ಧ್ವನಿಯನ್ನು ಹೀರಿಕೊಳ್ಳುತ್ತದೆ, ಹಿಂದಕ್ಕೂ ಎಸೆಯುತ್ತದೆ. ಎರಡು, ಅದರ ದಪ್ಪ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಪ್ರತಿಯೊಬ್ಬರ ಬುರುಡೆಯೂ ಬೇರೆ. ಈ ಎರಡನೆಯದೇ ದೊಡ್ಡ ತೊಡಕು. ಗಟ್ಟಿಮೂಳೆಯಲ್ಲಿ ಧ್ವನಿ ನೀರಿನಲ್ಲಿರುವುದರ ಹತ್ತಿರ ಹತ್ತಿರ ಇಮ್ಮಡಿ ವೇಗದಲ್ಲಿ ಓಡುತ್ತದೆ. ಸೆಕೆಂಡಿಗೆ 6,50,000 ಕಂಪನಗಳ ಅಲೆಯನ್ನು ತೆಗೆದುಕೊಂಡರೆ, ನೀರಿನಲ್ಲಿ ಅದರ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು 2.3 ಮಿಲಿಮೀಟರು. ಲೆಕ್ಕ ಹಾಕಿದರೆ, ಬುರುಡೆಯ ದಪ್ಪ ಒಂದೆಡೆ ಇನ್ನೊಂದೆಡೆಗಿಂತ ಬರಿಯ 2.3 ಮಿಲಿಮೀಟರು ಹೆಚ್ಚಾಗಿದ್ದರೂ ಸಾಕು, ಅಲ್ಲಿಂದ ಬಂದ ಅಲೆ ಉಬ್ಬಾಗಿರಬೇಕಾದ ಹೊತ್ತಿನಲ್ಲಿ ತಗ್ಗಾಗಿರುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿದರೆ ಉಳಿಯುವುದು ಸೊನ್ನೆ. ಭಜನೆಯಲ್ಲಿ ಅರ್ಧ ಮಂದಿ ತಾಳವನ್ನು ಅರ್ಧ ಮಾತ್ರೆ ಮುಂಚೆ ಹಾಕಿದರೆ ಆಗುವ ಗೊಂದಲವನ್ನು ನೆನೆಯಿರಿ.

ಇದಕ್ಕೆ ಮೊದಲು ದೊರೆತ ಪರಿಹಾರ, ಒಂದೇ ಹರಳಿನ ಬದಲು ಸಾವಿರ ಹರಳುಗಳು. ರೋಗಿಯ ತಲೆಗೆ ಟೋಪಿಯಂತೆ ಬರುವ ಅರ್ಧಗೋಳದಲ್ಲಿ 1,024 ಚಿಕ್ಕ ಕಂಪಕಗಳು. ಮೊದಲೇ ಸಿ.ಟಿ. ಸ್ಕ್ಯಾನಿನಿಂದ ಬುರುಡೆಯ ದಪ್ಪವನ್ನು ಎಲ್ಲೆಡೆ ಅಳೆದಿರುತ್ತಾರೆ. ಯಾವ ಕಂಪಕದ ಮುಂದೆ ಮೂಳೆ ಎಷ್ಟು ದಪ್ಪವೋ ಅದಕ್ಕೆ ತಕ್ಕಂತೆ ಪ್ರತಿಯೊಂದನ್ನೂ ತುಸು ಮುಂಚೆ, ತುಸು ತಡವಾಗಿ ನುಡಿಸುತ್ತಾರೆ. ಎಲ್ಲ ಅಲೆಗಳೂ ಥಲಮಸ್ ಎಂಬ ಭಾಗದ ಒಂದು ಸಣ್ಣ ಜಾಗಕ್ಕೆ ಒಂದೇ ಹೊತ್ತಿಗೆ ತಲುಪುತ್ತವೆ. ಇದೆಲ್ಲ ಎಂ.ಆರ್.ಐ. ಯಂತ್ರದೊಳಗೇ ನಡೆಯುತ್ತದೆ, ಒಳಗಿನ ಬಿಸಿಯನ್ನು ಅದು ಅಳೆಯುತ್ತಿರುತ್ತದೆ. ತಲೆಯನ್ನು ನುಣ್ಣಗೆ ಬೋಳಿಸಿ, ಚೌಕಟ್ಟಿನಲ್ಲಿ ಅಲುಗದಂತೆ ಬಿಗಿದು, ಸುತ್ತ ತಣ್ಣೀರನ್ನು ಹರಿಸುತ್ತಾರೆ. ರೋಗಿ ಎಚ್ಚರವಾಗಿರುತ್ತಾನೆ. ನಡುನಡುವೆ ಅವನ ಕೈಗೆ ಲೇಖನಿ ಕೊಟ್ಟು ಸುರುಳಿಯ ಗೆರೆಯನ್ನು ಎಳೆಯಲು ಹೇಳುತ್ತಾರೆ; ಗೆರೆ ನೇರವಾಗುತ್ತ ಬರುವುದನ್ನು ಅವನೇ ಕಾಣಬಹುದು.

ಆದ್ದರಿಂದ ಪತ್ರಿಕೆಯ ಸುದ್ದಿ ಸುಳ್ಳಲ್ಲ. 2016ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಮಾತ್ರೆಗಳಿಗೆ ಬಗ್ಗದ ಎಸೆನ್ಶಿಯಲ್ ಟ್ರೆಮರ್ ಕಾಯಿಲೆಗೆ, ಒಂದು ಬದಿಯ ಚಿಕಿತ್ಸೆಗಾಗಿ, ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪ್ರಕಟವಾದ ಪರೀಕ್ಷೆಯಲ್ಲಿ 76 ರೋಗಿಗಳಿದ್ದರು. 56 ಮಂದಿಗೆ ನಿಜವಾದ ಚಿಕಿತ್ಸೆ; 20 ಮಂದಿಗೆ ಯಂತ್ರದೊಳಗೆ ಮಲಗಿಸಿ ಚಿಕಿತ್ಸೆಯಾದಂತೆ ತೋರಿಸಿದ್ದು ಮಾತ್ರ. ಮೂರು ತಿಂಗಳ ಬಳಿಕ ಕೈನಡುಕದ ಅಂಕ ಮೊದಲ ಗುಂಪಿನಲ್ಲಿ 18.1ರಿಂದ 9.6ಕ್ಕೆ ಇಳಿದಿತ್ತು, ಎರಡನೆಯ ಗುಂಪಿನಲ್ಲಿ 16.0ರಿಂದ 15.8. ಇದು ಸಣ್ಣ ಫಲವಲ್ಲ. ಆದರೆ ಜಾಹೀರಾತುಗಳು ಹೇಳದ ಮಾತನ್ನೂ ಹೇಳಬೇಕು. ಚಿಕಿತ್ಸೆ ಪಡೆದವರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ನಡಿಗೆಯಲ್ಲಿ ತೊಂದರೆ ಕಾಣಿಸಿತು, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಜೋಮು ಹಿಡಿಯಿತು. ಬಹಳ ಜನರಲ್ಲಿ ಅವು ಕಡಿಮೆಯಾದರೂ, ಒಂದು ವರ್ಷದ ಮೇಲೂ ನಡಿಗೆಯ ತೊಂದರೆ ನೂರಕ್ಕೆ 9 ಮಂದಿಯಲ್ಲಿ, ಜೋಮು ನೂರಕ್ಕೆ 14 ಮಂದಿಯಲ್ಲಿ ಉಳಿದಿತ್ತು. ಬುರುಡೆಯ ಮೂಳೆಯ ಗುಣ ಇದಕ್ಕೆ ಹೊಂದದವರಿಗೆ ಈ ಚಿಕಿತ್ಸೆಯೇ ಆಗದು. ಇದು ಮೆದುಳಿನ ಒಂದು ಚುಕ್ಕೆಯನ್ನು ಶಾಶ್ವತವಾಗಿ ಸುಡುವ ಕೆಲಸ, ಹಿಂತೆಗೆದುಕೊಳ್ಳಲು ಬಾರದು. ಇನ್ನು ವೆಚ್ಚ. ಸಾವಿರ ಕಂಪಕಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ವಿದ್ಯುತ್ ನಿಯಂತ್ರಣ, ಜೊತೆಗೆ ಗಂಟೆಗಟ್ಟಲೆ ಎಂ.ಆರ್.ಐ. ನಿವೃತ್ತ ಶಿಕ್ಷಕರ ಪಿಂಚಣಿಗೆ ನಿಲುಕುವ ಮಾತೇ ಇದು?

ಇಲ್ಲಿಯೇ ಮಸೂರ ಮತ್ತೆ ಬರುತ್ತದೆ, ಈ ಸಲ ಹೊಸ ವೇಷದಲ್ಲಿ. ಸಾವಿರ ಕಂಪಕಗಳನ್ನು ಬೇರೆಬೇರೆ ಹೊತ್ತಿಗೆ ನುಡಿಸುವುದರ ಉದ್ದೇಶವಾದರೂ ಏನು? ಅಲೆಯ ಒಂದೊಂದು ಭಾಗವನ್ನು ಒಂದಿಷ್ಟು ಹಿಂದೆ ಮುಂದೆ ಮಾಡುವುದು. ಅದನ್ನೇ ಪ್ಲಾಸ್ಟಿಕ್ಕಿನ ದಪ್ಪದಿಂದ ಮಾಡಬಾರದೇಕೆ? ಎಲ್ಲಿ ಅಲೆ ಮುಂದಾಗಬೇಕೋ ಅಲ್ಲಿ ದಪ್ಪ, ಎಲ್ಲಿ ಹಿಂದಾಗಬೇಕೋ ಅಲ್ಲಿ ತೆಳು. ಹೀಗೆ ಮಾಡಿದ ಮಸೂರ ನುಣುಪಾಗಿರುವುದಿಲ್ಲ, ದಿಬ್ಬ ತಗ್ಗುಗಳ ಬೀಳು ಭೂಮಿಯಂತೆ ಕಾಣುತ್ತದೆ. ಅಂಥ ಅಡ್ಡಾದಿಡ್ಡಿ ಆಕಾರವನ್ನು ಕೈಯಿಂದ ಕೊರೆಯುವುದು ಅಸಾಧ್ಯವಾಗಿತ್ತು. ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನೇ ಅಚ್ಚು ಹಾಕುವ ತ್ರೀ-ಡಿ ಮುದ್ರಣ ಬಂದ ಮೇಲೆ ಅದು ಸುಲಭವಾಯಿತು.

2016ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕಾಯ್ ಮೆಲ್ಡೆ, ಪೀರ್ ಫಿಷರ್ ಮತ್ತು ಸಂಗಡಿಗರು ಇಂಥ ಬಿಲ್ಲೆಯೊಂದನ್ನು ಮುದ್ರಿಸಿ, ಒಂದೇ ಒಂದು ಸಾಮಾನ್ಯ ಕಂಪಕದ ಮುಂದಿಟ್ಟರು. ಬಿಲ್ಲೆಯನ್ನು ಹಾದ ಧ್ವನಿ ನೀರಿನಲ್ಲಿ ಚುಕ್ಕೆಯಾಗಿ ಕೂಡಲಿಲ್ಲ, ಚಿತ್ರವಾಗಿ ಕೂಡಿತು! ಚಿತ್ರಕಾರ ಪಿಕಾಸೊ ಬಿಡಿಸಿದ ಶಾಂತಿಯ ಪಾರಿವಾಳದ ಗೆರೆಗಳ ಉದ್ದಕ್ಕೂ ನೀರಿನಲ್ಲಿದ್ದ ಸಣ್ಣ ಸಣ್ಣ ಸಿಲಿಕೋನ್ ಕಣಗಳು ಬಂದು ಸೇರಿಕೊಂಡವು. ಅಂದು ದೊರೆಯುತ್ತಿದ್ದ ಬಹುಕಂಪಕದ ಯಂತ್ರಗಳಿಗಿಂತ ನೂರು ಪಟ್ಟು ಹೆಚ್ಚು ವಿವರವನ್ನು ಈ ಅಗ್ಗದ ಬಿಲ್ಲೆ ಕೊಡಬಲ್ಲುದಾಗಿತ್ತು. ಇದನ್ನು ಧ್ವನಿಯ ಹಾಲೊಗ್ರಾಂ ಎನ್ನುತ್ತಾರೆ. ಹಾಲೊಗ್ರಾಂ ಎಂಬುದು ಬೆಳಕಿನ ವಿಷಯದಲ್ಲಿ ಹಳೆಯ ಮಾತು. 1947ರಲ್ಲಿ ಅದನ್ನು ಕಲ್ಪಿಸಿದ ಡೆನಿಸ್ ಗಾಬೋರ್‌ಗೆ 1971ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು.

ಬುರುಡೆಗೆ ಹೊಂದುವ ಮಸೂರವನ್ನು ರೂಪಿಸುವ ಬಗೆ ಬಹಳ ಸೊಗಸಾಗಿದೆ. ಕಂಪ್ಯೂಟರಿನಲ್ಲಿ ರೋಗಿಯ ಬುರುಡೆಯ ಚಿತ್ರವನ್ನಿಟ್ಟುಕೊಂಡು, ಮುಟ್ಟಬೇಕಾದ ಚುಕ್ಕೆಯಲ್ಲಿಯೇ ಒಂದು ಧ್ವನಿ ಹುಟ್ಟಿತೆಂದು ಭಾವಿಸುತ್ತಾರೆ. ಅದು ಒಳಗಿನಿಂದ ಹೊರಗೆ ಬರುತ್ತ ಮೂಳೆಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕೆಡುತ್ತದೆಂದು ಲೆಕ್ಕ ಹಾಕುತ್ತಾರೆ. ಬಳಿಕ ಅದೇ ದಾರಿಯನ್ನು ಹಿಂದುಮುಂದಾಗಿ ನಡೆಸಿದರೆ, ಹೊರಗಿನಿಂದ ಹೊರಟ ಅಲೆ ಅದೇ ಚುಕ್ಕೆಗೆ ಹೋಗಿ ಮುಟ್ಟಬೇಕು. ಬಂದ ಹಾದಿಯಲ್ಲೇ ಧ್ವನಿಯನ್ನು ಹಿಂದಿರುಗಿಸುವ ಈ ತತ್ವವನ್ನು ಪ್ಯಾರಿಸಿನ ಮಾಥಿಯಾಸ್ ಫಿಂಕ್ 1990ರ ದಶಕದಲ್ಲಿ ಬೆಳೆಸಿದರು. ಅದೇ ಪ್ಯಾರಿಸಿನಲ್ಲಿ 2018ರಲ್ಲಿ ಮೈಂಬೂರ್, ಓಬ್ರಿ ಮುಂತಾದವರು ಮನುಷ್ಯರ ತಲೆಬುರುಡೆಗಳನ್ನಿಟ್ಟುಕೊಂಡು, ಆಯಾ ಬುರುಡೆಗೆ ಹೊಂದುವ ಮಸೂರವಿದ್ದರೆ ಒಂದೇ ಕಂಪಕದಿಂದಲೂ ನಾಭಿಯನ್ನು ಸರಿಪಡಿಸಬಹುದೆಂದು ತೋರಿಸಿದರು. ಮರುವರ್ಷ ಸ್ಪೇನಿನ ವೆಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಚುಕ್ಕೆಯಾಕಾರದಲ್ಲಿಲ್ಲ, ಬಾಗಿದ ಉದ್ದನೆಯ ಆಕಾರದಲ್ಲಿದೆ. ಅವರ ಮಸೂರ ಧ್ವನಿಯನ್ನು ಬುರುಡೆಯ ಮೂಲಕ ಹಾಯಿಸಿ ಆ ಬಾಗಿದ ಆಕಾರಕ್ಕೇ ಹರಡುವಂತಿತ್ತು. 2022ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೆದುಳಿನ ಎರಡೂ ಬದಿಗಳಲ್ಲಿ ಏಕಕಾಲಕ್ಕೆ, ಒಂದೇ ಕಂಪಕ ಮತ್ತು ಒಂದೇ ಮಸೂರದಿಂದ, ರಕ್ತನಾಳಗಳ ತಡೆಯನ್ನು ತೆರೆದು ತೋರಿಸಿದರು. ರಕ್ತದಲ್ಲಿರುವ ಎಷ್ಟೋ ಔಷಧಗಳು ಮೆದುಳಿಗೆ ಇಳಿಯದಂತೆ ಕಾಯುವ ತಡೆ ಅದು. ಅದನ್ನು ಸ್ವಲ್ಪ ಹೊತ್ತು ತೆರೆದರೆ ಔಷಧಕ್ಕೆ ದಾರಿಯಾಗುತ್ತದೆ.

ಕೊರತೆಗಳಿಲ್ಲವೆಂದಲ್ಲ. ಸಾವಿರ ಕಂಪಕಗಳ ಟೋಪಿಯಲ್ಲಿ ಗುರಿಯನ್ನು ತುಸು ಸರಿಸಬೇಕಾದರೆ ಗುಂಡಿ ಒತ್ತಿದರಾಯಿತು. ಮುದ್ರಿಸಿದ ಮಸೂರಕ್ಕೆ ಒಂದೇ ಗುರಿ, ಒಂದೇ ಕಂಪನಸಂಖ್ಯೆ. ರೋಗಿ ಬದಲಾದರೆ ಮಸೂರವೂ ಬದಲಾಗಬೇಕು. ತಲೆಯ ಮೇಲೆ ಅದನ್ನು ಒಂದು ಮಿಲಿಮೀಟರಿನಷ್ಟು ತಪ್ಪಿಟ್ಟರೂ ಲೆಕ್ಕವೆಲ್ಲ ಕೆಡುತ್ತದೆ. ಪ್ಲಾಸ್ಟಿಕ್ಕು ತಾನೇ ಧ್ವನಿಯನ್ನು ಹೀರಿ ಬಿಸಿಯಾಗುತ್ತದೆ. ನಾನು ಹೇಳಿದ ಮಸೂರದ ಪ್ರಯೋಗಗಳು ನಡೆದದ್ದು ಬುರುಡೆಗಳಲ್ಲಿ, ಅಚ್ಚುಗಳಲ್ಲಿ, ಇಲಿಗಳಲ್ಲಿ. ಪತ್ರಿಕೆಯ ತುಣುಕಿನಲ್ಲಿದ್ದ ಚಿಕಿತ್ಸೆ ಟೋಪಿಯದು, ಮಸೂರದ್ದಲ್ಲ. ಈ ಎರಡನ್ನು ಬೆರೆಸಿ ಆಸೆ ಹುಟ್ಟಿಸುವವರ ಬಗೆಗೆ ಮನೆಯವರು ಎಚ್ಚರದಿಂದಿರಬೇಕು. ಆದರೆ ಒಬ್ಬ ರೋಗಿಗೆ ಬೇಕಾದದ್ದು ಒಂದು ಕಂಪಕ, ಅಂಗೈಯಗಲದ ಒಂದು ಮುದ್ರಿತ ಪ್ಲಾಸ್ಟಿಕ್ಕು ಎಂದಾಗುವ ದಿನಕ್ಕಾಗಿ ಇಷ್ಟು ಮಂದಿ ದುಡಿಯುತ್ತಿರುವುದು ಏಕೆಂಬುದು ಪಿಂಚಣಿಯಲ್ಲಿ ಬದುಕುವವರಿಗೆ ಬೇರೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ಕಳೆದ ಭಾನುವಾರ ದೊಡ್ಡಪ್ಪನವರ ಪಡಸಾಲೆಯಲ್ಲಿ ಕುಳಿತು ವಿವರಿಸಿದೆ. ನೂರರಲ್ಲಿ ಒಂಬತ್ತು ಮಂದಿಯ ನಡಿಗೆ ಕೆಟ್ಟದ್ದನ್ನು ಕೇಳಿ ದೊಡ್ಡವ್ವ "ಕೈ ಹೋದ್ರ ನಾ ಉಣಸತೀನಿ, ಕಾಲು ಹೋದ್ರ?" ಎಂದರು. ದೊಡ್ಡಪ್ಪನವರು ಅದಕ್ಕೆ ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ನರರೋಗದ ತಜ್ಞರಲ್ಲಿಗೆ ಮತ್ತೊಮ್ಮೆ ಹೋಗುವುದು, ಮಾತ್ರೆಯ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಿ ನೋಡಬಹುದೇ ಎಂದು ಮೊದಲು ಕೇಳುವುದು, ಆಮೇಲೆ ಉಳಿದ ಮಾತು ಎಂದು ನಿಶ್ಚಯವಾಯಿತು. ಚಹಾವನ್ನು ಅರ್ಧ ಲೋಟ ಮಾತ್ರ ತುಂಬಿ ಕೊಡುವಂತೆ ಸೊಸೆಗೆ ಹೇಳಿದರು. ಬಳಿಕ ನನ್ನ ಕಡೆಗೆ ತಿರುಗಿ, "ಅಂಚು ದಪ್ಪ, ನಡುವ ತೆಳು ಅಂದ್ಯಲ್ಲಾ, ಮೂವತ್ತೆರಡು ವರ್ಷ ಹುಡುಗರಿಗೆ ಕೂಡಿಸೂದು ಪೀನ ಮಸೂರ ಅಂತ ಕಲಿಸೀನಿ" ಎಂದು ನಕ್ಕರು. ಮೊಮ್ಮಗಳ ಪಾಟಿಯನ್ನು ತರಿಸಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಬಳಪದಿಂದ ಗೆರೆ ಎಳೆದರು. ಗೆರೆ ನಡುಗಿ ಹಲ್ಲುಹಲ್ಲಾಗಿತ್ತು. ಆ ಮಗು ಅದನ್ನು ನೋಡಿ, "ಅಜ್ಜಾ, ಇದು ಕಾಕಾ ಹೇಳಿದ ದಿಬ್ಬ ತಗ್ಗಿನ ಮಸೂರ ಹೌದಲ್ಲ?" ಎಂದು ಕೇಳಿತು.